ಕಾಟನ್ ತರಲು ಹೇಳಿದರೆ ನೀವು ಏನು ತರುತ್ತೀರಿ?

ಬದಿಯಡ್ಕ ಟೀಚರ್
ನಿನ್ನೆ ನಮ್ಮ ಮನೆಯಲ್ಲಿ ನಡೆದದ್ದು. ಅಣ್ಣ, ಅತ್ತಿಗೆ, ಮಗಳು ಇಂಗ್ಲೆಂಡಿನಿಂದ ರಜೆಗೆ ಬಂದಿದ್ದಾರೆ. ಹುಡುಗಿ ಹುಟ್ಟಿ ಬೆಳೆದದ್ದು ಅಲ್ಲೇ. ನಾನು ಪೇಟೆಗೆ ಹೊರಟಾಗ, "ಅತ್ತೆ, ಬರುವಾಗ ವೈಟ್ ಕಾಟನ್ ತರ್ತೀರಾ? ಎರಡು ಸಾಕು" ಅಂದಳು. ಸರಿ, ಮೆಡಿಕಲ್ ಶಾಪಿಗೆ ಹೋಗಿ ಹತ್ತಿಯ ದೊಡ್ಡ ಸುರುಳಿ ಎರಡು ತಂದೆ. ಮೊಣಕಾಲಿಗೆ ಗಾಯ ಮಾಡಿಕೊಂಡಿರಬೇಕು ಅಂತ ಡೆಟ್ಟಾಲನ್ನೂ ತಂದೆ.

ಅವಳಿಗೆ ಬೇಕಾಗಿದ್ದದ್ದು ನೂಲು! ಅಂಗಿಯ ಗುಂಡಿ ಕಿತ್ತುಹೋಗಿತ್ತಂತೆ. ಅವಳು ನಕ್ಕು ನಕ್ಕು ಸುಸ್ತಾದಳು. ನನಗೆ ಮಾತ್ರ ನಾಚಿಕೆ. 22 ವರ್ಷದಿಂದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ, ಕಾಟನ್ ಅಂದರೆ ಹೊಲಿಯುವ ನೂಲು ಅಂತ ಒಂದು ದಿನವೂ ಹೇಳಿಕೊಟ್ಟಿಲ್ಲ.

ನಿಮಗೆ ಯಾರಿಗಾದರೂ ಇದು ಗೊತ್ತಿತ್ತಾ? ನಿಮ್ಮ ಊರಲ್ಲಿ ಕಾಟನ್ ಅಂದರೆ ಏನು ಕೊಡುತ್ತಾರೆ?

ಅಡಿಕೆ ಚೊಗರು
ಟೀಚರೇ, ನಾನಾಗಿದ್ದರೆ ಎರಡು ಬಿಳಿ ವೇಷ್ಟಿ ತರುತ್ತಿದ್ದೆ.

ಉಪ್ಪಳ ಅಂಗಡಿ
ನಮ್ಮಲ್ಲಿ ಕಾಟನ್ ಅಂದರೆ ರಟ್ಟಿನ ಪೆಟ್ಟಿಗೆ. ದಿನಕ್ಕೆ ಇಬ್ಬರಾದರೂ ಬಂದು "ಅಣ್ಣ, ಖಾಲಿ ಕಾಟನ್ ಇದ್ರೆ ಒಂದು ಕೊಡಿ, ಮನೆ ಶಿಫ್ಟಿಂಗ್ ಉಂಟು" ಅನ್ನುತ್ತಾರೆ. ಬಿಸ್ಕೆಟ್ ಬಂದ ಪೆಟ್ಟಿಗೆ ಕೊಟ್ಟು ಕಳಿಸುತ್ತೇನೆ. ಇವತ್ತಿನವರೆಗೆ ಯಾರೂ ಅದಕ್ಕೆ ಹತ್ತಿ ತುಂಬಿಸಿ ಕೊಡಿ ಅಂದಿಲ್ಲ.

ನಿಘಂಟು ಬಿಡದವ
ಉಪ್ಪಳದವರೇ, ಅದು ಕಾರ್ಟನ್. ನಡುವಿನ ರ ಎಲ್ಲಿ ಬಿದ್ದುಹೋಯಿತು?

ಉಪ್ಪಳ ಅಂಗಡಿ
ಶಿಫ್ಟಿಂಗ್ ಮಾಡುವಾಗ ಬಿದ್ದಿರಬೇಕು ಸಾರ್.

ಮಂಜೇಶ್ವರ ಟೈಲರ್
ಹುಡುಗಿ ಹೇಳಿದ್ದು ಸರಿಯಾಗಿಯೇ ಇದೆ ಟೀಚರೇ. ನಮ್ಮ ಗುರುಗಳು ಬೊಂಬಾಯಿಯಲ್ಲಿ ಕೆಲಸ ಕಲಿತವರು. ಅವರು ನೂಲಿನ ರೀಲಿಗೆ "ಕಾಟನ್ ರೀಲ್" ಎಂದೇ ಹೇಳುತ್ತಿದ್ದರು. ಬ್ರಿಟಿಷರು ಹೊಲಿಗೆ ನೂಲನ್ನು ಕಾಟನ್ ಅನ್ನುತ್ತಾರೆ, ಸೂಜಿಗೆ ಕಾಟನ್ ಪೋಣಿಸು ಅನ್ನುತ್ತಾರೆ. ಅಮೆರಿಕದವರು ಹಾಗೆ ಹೇಳುವುದಿಲ್ಲ, ಅವರಿಗೆ ಅದು ಥ್ರೆಡ್.

ತಮಾಷೆ ಏನೆಂದರೆ ಈಗ ನನ್ನ ಮೆಷಿನಿನಲ್ಲಿ ಓಡುವ ನೂಲು ಹೆಚ್ಚಿನದೂ ಪಾಲಿಯೆಸ್ಟರ್. ಹತ್ತಿ ನೂಲು ಫಾಸ್ಟ್ ಮೆಷಿನಿನಲ್ಲಿ ಪಟಪಟ ತುಂಡಾಗುತ್ತದೆ, ಯಾರಿಗೂ ಬೇಡ. ಆದರೂ ಹಳಬರು ಅದಕ್ಕೆ ಕಾಟನ್ ಅನ್ನುವುದನ್ನು ಬಿಡುವುದಿಲ್ಲ. ಒಳಗಿನ ಹತ್ತಿ ಹೋಗಿ ಹೆಸರು ಮಾತ್ರ ಉಳಿದಿದೆ.

ಇನ್ನೊಂದು. ನೀವು ವೇಷ್ಟಿ ತೆಗೆಯುವಾಗ ಅಂಗಡಿಯವನು 80 ಕೌಂಟು, 100 ಕೌಂಟು ಅನ್ನುತ್ತಾನಲ್ಲ, ಅದು ನೂಲಿನ ಲೆಕ್ಕ. ಒಂದು ಪೌಂಡ್ ಹತ್ತಿಯಿಂದ 840 ಗಜದ ಲಡಿ ಎಷ್ಟು ಬರುತ್ತದೆಯೋ ಅಷ್ಟು ಕೌಂಟು. 100 ಕೌಂಟು ಅಂದರೆ ಒಂದು ಪೌಂಡಿಗೆ 84,000 ಗಜ ನೂಲು. ನಂಬರ್ ಜಾಸ್ತಿಯಾದಷ್ಟೂ ನೂಲು ಸಪೂರ. ಹಲವರು ಇದನ್ನು ತಿರುಗಾಮುರುಗಾ ತಿಳಿದು, 100 ಕೌಂಟು ಅಂದರೆ ದಪ್ಪ, ತುಂಬ ಬಾಳಿಕೆ ಬರುತ್ತದೆ ಅಂತ ತೆಗೆದುಕೊಂಡು ಹೋಗುತ್ತಾರೆ. ನಾನು ಬಾಯಿ ಮುಚ್ಚಿ ಕೂರುತ್ತೇನೆ.

ಅಡಿಕೆ ಚೊಗರು
ಅಯ್ಯೋ, ನಾನೂ ಹಾಗೆಯೇ ತಿಳಿದಿದ್ದೆ. ಮೊನ್ನೆ ಮದುವೆಗೆ ತೆಗೆದ ವೇಷ್ಟಿ ಒಂದೇ ಒಗೆತಕ್ಕೆ ಬಲೆ ಆದದ್ದು ಇದಕ್ಕಾ?

ಮಂಜೇಶ್ವರ ಟೈಲರ್
ಕೌಂಟಿನದ್ದು ತಪ್ಪಿಲ್ಲ ಅಣ್ಣ. ನೀವು ಅದನ್ನು ಒಗೆಯುವ ಕಲ್ಲಿಗೆ ಬಡಿದಿರಬೇಕು.

ನಿಘಂಟು ಬಿಡದವ
ನನಗೆ ಒಪ್ಪಿಗೆಯಿಲ್ಲ. ಕಾಟನ್ ಅಂದರೆ ಹತ್ತಿ. ಗಿಡಕ್ಕೂ ಅದೇ, ನಾರಿಗೂ ಅದೇ, ಬಟ್ಟೆಗೂ ಅದೇ. ನೂಲು ಅನ್ನುವುದು ಆಡುಮಾತಿನ ಸೋಮಾರಿತನ. ಅರಬ್ಬಿಯ ಕುತ್ನ್ ಎಂಬ ಮಾತು ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದದ್ದು. ಸ್ಪೇನಿನವರ ಅಲ್ಗೊದೋನ್ ಕೂಡ ಅದೇ ಮಾತು. ಎಲ್ಲ ಕಡೆ ಮೂಲ ಅರ್ಥ ಹತ್ತಿಯೇ.

ಲೆಸ್ಟರಿನ ಕುಂಬ್ಳೆಯವ
ಮೂಲ ಹಿಡಿದು ಹೊರಟರೆ ಗುಂಡಿ ಹೊಲಿಯಲಿಕ್ಕಾಗುವುದಿಲ್ಲ ಸಾರ್. ನಾನು ಇಲ್ಲಿ 11 ವರ್ಷದಿಂದ ಇದ್ದೇನೆ. ಟೀಚರಿಗೆ ಆದದ್ದು ನನಗೆ ಉಲ್ಟಾ ಆಗಿತ್ತು. ಬಂದ ಹೊಸತು. ಕೈ ಕೊಯ್ದುಕೊಂಡಿತು, ಅಂಗಡಿಯಲ್ಲಿ "ಕಾಟನ್" ಕೇಳಿದೆ. ಆ ಹೆಂಗಸು ಸೂಜಿ, ರೀಲು ಇಟ್ಟ ಮೂಲೆಗೆ ಕರೆದುಕೊಂಡು ಹೋದರು. ರಕ್ತ ಸುರಿಯುವ ಬೆರಳು ತೋರಿಸಿದೆ. ಆಗ "ಓ, ಕಾಟನ್ ವುಲ್!" ಅಂದರು.

ಇಲ್ಲಿ ನಮ್ಮ ಮೆಡಿಕಲ್ ಹತ್ತಿಗೆ ಕಾಟನ್ ವುಲ್ ಅನ್ನಬೇಕು. ವುಲ್ ಅಂದರೆ ಉಣ್ಣೆ ಅಲ್ವಾ, ಆದರೆ ಅದರಲ್ಲಿ ಕುರಿಯ ಒಂದು ಕೂದಲೂ ಇಲ್ಲ. ಜರ್ಮನ್ನರು ಹತ್ತಿಗೇ ಬೌಮ್‌ವೊಲ್ಲ ಅನ್ನುತ್ತಾರೆ, ಅಂದರೆ ಮರದ ಉಣ್ಣೆ. ಹಿಂದೂದೇಶದಲ್ಲಿ ಉಣ್ಣೆ ಬಿಡುವ ಮರಗಳಿವೆ ಅಂತ ಗ್ರೀಕರ ಹೆರೊಡೋಟಸ್ ಎರಡೂವರೆ ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಕುರಿ ಮಾತ್ರ ನೋಡಿದವರಿಗೆ ಹತ್ತಿಯೂ ಉಣ್ಣೆಯ ಹಾಗೇ ಕಂಡಿತು.

ಮತ್ತೊಂದು ಇಂಗ್ಲಿಷ್ ಮಾತು, "ಕಾಟನ್ ಆನ್". ಅಂದರೆ ತಲೆಗೆ ಹೊಳೆಯುವುದು, ಅರ್ಥವಾಗುವುದು. ಆಫೀಸಿನಲ್ಲಿ ಯಾರೋ ನನ್ನ ಬಗ್ಗೆ ಹಾಗೆ ಹೇಳಿದರು. ನಾನು ನನ್ನ ಅಂಗಿ ನೋಡಿಕೊಂಡೆ.

ಪೆರ್ಲದ ಪುಳ್ಳಿ
ನಮ್ಮ ಅಜ್ಜಿಯ ಕತೆ ಕೇಳಿ. ಅಜ್ಜಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದ್ದರು. ನರ್ಸಮ್ಮ ಮಲಯಾಳದವರು. ಅಜ್ಜನ ಕಾಲು ನೋಡಿ ಅಜ್ಜಿಗೆ "ಪಞ್ಞಿ ಕೊಂಡುವಾ" ಅಂದರು. ಮಲಯಾಳದಲ್ಲಿ ಪಞ್ಞಿ ಅಂದರೆ ಹತ್ತಿ. ಅಜ್ಜಿಯ ಕಿವಿಗೆ ಬಿದ್ದದ್ದು ಪಂಜಿ. ತುಳುವಿನಲ್ಲಿ ಪಂಜಿ ಅಂದರೆ ಹಂದಿ! ಕಾಲಿನ ಗಾಯಕ್ಕೆ ಹಂದಿ ಯಾಕೆ, ಹಂದಿಯ ಕೊಬ್ಬು ಹಚ್ಚುತ್ತಾರೋ ಏನೋ ಅಂತ ಅಜ್ಜಿಗೆ ಗಾಬರಿ. ನಮ್ಮ ಮಾವನಿಗೆ ಫೋನು ಮಾಡಿಸಿ, "ಇಲ್ಲಿ ಹಂದಿ ಕೇಳ್ತಾರೆ, ಬೇರೆ ಆಸ್ಪತ್ರೆಗೆ ಹೋಗುವ" ಅಂದರು. ಮಾವ ಬಂದು ಮೆಡಿಕಲಿನಿಂದ ಹತ್ತಿ ತಂದುಕೊಟ್ಟ ಮೇಲೆ ಎಲ್ಲ ಸರಿಯಾಯಿತು.

ನರ್ಸಮ್ಮನಿಗೆ ಕಾರಣ ಗೊತ್ತಾದ ಮೇಲೆ ಅವರು ಅಜ್ಜಿಯ ಹತ್ತಿರ ಕಾಟನ್ ಎಂದೇ ಹೇಳುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಇಂಗ್ಲಿಷ್ ಬಂದು ನೆಲೆ ನಿಂತದ್ದು ಹೀಗೆಯೇ. ಇಬ್ಬರಿಗೂ ಜಗಳವಿಲ್ಲದ ಮಾತು.

ಅಡಿಕೆ ಚೊಗರು
ಹಂದಿಗೆ ಮಲಯಾಳದಲ್ಲಿ ಪನ್ನಿ. ಹತ್ತಿಗೆ ಪಞ್ಞಿ. ಅವರಿಗೇ ಇದು ಕಷ್ಟ ಆಗುವುದಿಲ್ವಾ?

ಪೆರ್ಲದ ಪುಳ್ಳಿ
ಅವರಿಗೆ ಇಲ್ಲ. ಕೇಳುವ ನಮಗೆ ಮಾತ್ರ.

ಆದೋನಿ ಅರಳೆ
ಕಾಸರಗೋಡಿನವರಿಗೆ ನಮಸ್ಕಾರ. ನೀವೆಲ್ಲ ಹತ್ತಿಯನ್ನು ಮೆಡಿಕಲ್ ಶಾಪಿನಲ್ಲಿ ನೋಡಿದವರು. ನಾವು ಹತ್ತಿಯ ಧೂಳು ಕುಡಿದೇ ಬೆಳೆದವರು. ಆದೋನಿ ಮಾರ್ಕೆಟ್ ಯಾರ್ಡಿಗೆ ಸೀಸನ್ನಿನಲ್ಲಿ ಬಂದು ನೋಡಿ, ಟ್ರ್ಯಾಕ್ಟರ್, ಲಾರಿ, ಎತ್ತಿನ ಬಂಡಿ, ರಸ್ತೆಯ ಜಾಲಿ ಮುಳ್ಳಿಗೆಲ್ಲ ಹತ್ತಿ ಸಿಕ್ಕಿ ನೇತಾಡುತ್ತಿರುತ್ತದೆ. ಮನೆಯಲ್ಲಿ ಕನ್ನಡ, ಯಾರ್ಡಿನಲ್ಲಿ ತೆಲುಗು, ಸೇಟುಗಳ ಹತ್ತಿರ ಹಿಂದಿ.

ನಮ್ಮಲ್ಲಿ ಒಂದೇ ಹೆಸರು ಹೇಳಿದರೆ ವ್ಯಾಪಾರ ಆಗುವುದಿಲ್ಲ. ಬೀಜದ ಸಮೇತ ಹೊಲದಿಂದ ಬಿಡಿಸಿ ತಂದದ್ದು ಹತ್ತಿ, ತೆಲುಗಿನಲ್ಲಿ ಪತ್ತಿ. ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ತೆಗೆದ ಮೇಲೆ ಅದು ಅರಳೆ, ತೆಲುಗಿನಲ್ಲಿ ದೂದಿ. ಒಂದು ಕ್ವಿಂಟಾಲ್ ಹತ್ತಿ ಹಾಕಿದರೆ ಸುಮಾರು ಮೂರನೇ ಒಂದು ಪಾಲು ಅರಳೆ ಸಿಗುತ್ತದೆ, ಉಳಿದದ್ದು ಹೆಚ್ಚಿನದೂ ಬೀಜ. ಆ ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿದರೆ ಬೇಲು, ಒಂದೊಂದು 170 ಕಿಲೋ. ಈ ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಒಂದೇ ಕಾಟನ್! ಪೇಪರಿನಲ್ಲಿ "ಕಾಟನ್ ರೇಟು ಏರಿಕೆ" ಅಂತ ಬಂದರೆ ರೈತ ಕುಣಿಯುತ್ತಾನೆ. ಆಮೇಲೆ ನೋಡಿದರೆ ಏರಿದ್ದು ಅರಳೆಯ ರೇಟು, ಯಾರ್ಡಿನಲ್ಲಿ ಇವನ ಹತ್ತಿಯ ರೇಟು ನಿನ್ನೆಯದ್ದೇ.

ಇನ್ನೊಂದು ಮಜಾ. ಅರಳೆಯ ದರ ಹೇಳುವುದು ಕ್ಯಾಂಡಿ ಲೆಕ್ಕದಲ್ಲಿ. ಒಂದು ಕ್ಯಾಂಡಿ ಅಂದರೆ ಸುಮಾರು 356 ಕಿಲೋ. ನಮ್ಮ ತಂದೆ ದಲ್ಲಾಲಿ ಅಂಗಡಿಯಲ್ಲಿ ಗುಮಾಸ್ತ. ಚಿಕ್ಕವನಿದ್ದಾಗ ಅವರು ಫೋನಿನಲ್ಲಿ "ಕಾಟನ್ ಕ್ಯಾಂಡಿ ಐವತ್ತು ಸಾವಿರ ದಾಟಿತು" ಅಂದದ್ದು ಕೇಳಿ, ಜಾತ್ರೆಯ ಮಿಠಾಯಿ ಅಷ್ಟು ತುಟ್ಟಿಯಾಯಿತಾ ಅಂತ ಅತ್ತಿದ್ದೆ.

ಬದಿಯಡ್ಕ ಟೀಚರ್
ಆದೋನಿಯವರೇ, ಈ ಕ್ಯಾಂಡಿ ನಮ್ಮ ಖಂಡಿಯೇ ಇರಬೇಕಲ್ವಾ? ನಮ್ಮಲ್ಲಿ ಅಡಿಕೆಗೆ ಖಂಡಿ ಲೆಕ್ಕ ಹೇಳುತ್ತಾರೆ.

ಆದೋನಿ ಅರಳೆ
ಅದೇ ಟೀಚರ್. ಖಂಡಿ ಇಂಗ್ಲಿಷರ ಬಾಯಲ್ಲಿ ಕ್ಯಾಂಡಿ ಆಯಿತು. ತೂಕ ಮಾತ್ರ ಊರಿಗೊಂದು, ಮಾಲಿಗೊಂದು.

ಅಕ್ಕಲಕೋಟ ಎಮ್ಮೆ
ಆದೋನಿ ಅಣ್ಣಾವ್ರು ಬೀಜ ಬಿಟ್ರಲ್ಲ! ನಮ್ಮ ಕಡೆ ಹತ್ತಿ ಅಂದ ಕೂಡಲೇ ನೆನಪಾಗುವುದು ಸರಕಿ. ಮರಾಠಿಯಲ್ಲಿ ಹತ್ತಿ ಬೀಜಕ್ಕೆ ಸರಕಿ, ಅದರ ಹಿಂಡಿಗೆ ಸರಕಿ ಪೇಂಡ. ನಾವು ಮನೆಯಲ್ಲಿ ಕನ್ನಡ ಮಾತಾಡಿದರೂ ಎಮ್ಮೆಗೆ ಮರಾಠಿಯ ಸರಕಿಯನ್ನೇ ಹಾಕುತ್ತೇವೆ. ಪೇಂಡ ನಿಲ್ಲಿಸಿ ನೋಡಿ, ಮರುದಿನ ಹಾಲಿನ ಕೆನೆ ತೆಳ್ಳಗಾಗುತ್ತದೆ.

ಮತ್ತೆ ನಮ್ಮ ಕನ್ನಡದಲ್ಲಿ ಹತ್ತಿ ಒಂದೇ ಅರ್ಥದ್ದಾ? "ಹತ್ತಿ ಬಿಡಸಾಕ ಹತ್ತೀವ್ರಿ" ಅಂದರೆ ಬೆಂಗಳೂರಿನವರಿಗೆ ತಲೆ ತಿರುಗುತ್ತದೆ. ಹೋದ ವರ್ಷ ನಮ್ಮ ಭಾವ ಫೋನು ಮಾಡಿ, "ಹತ್ತಿಗೆ ಬೆಂಕಿ ಹತ್ತಿ, ನಾ ಮಾಳಿಗಿ ಹತ್ತಿ ನೋಡಾಕ ಹತ್ತೀನಿ" ಅಂದರು. ಒಂದೇ ಮಾತಿನಲ್ಲಿ ನಾಲ್ಕು ಹತ್ತಿ. ಇಂಗ್ಲಿಷರ ಕಾಟನ್ ಇದರ ಮುಂದೆ ಏನೂ ಅಲ್ಲ.

ಲೆಸ್ಟರಿನ ಕುಂಬ್ಳೆಯವ
ಬೆಂಕಿ ಆರಿತಾ?

ಅಕ್ಕಲಕೋಟ ಎಮ್ಮೆ
ಆರಿತ್ರಿ. ಹತ್ತಿದ್ದು ಸಣ್ಣ ಗುಡ್ಡೆಗೆ ಅಷ್ಟೇ.

ಕಾಸರಗೋಡು ಸೀರೆ
ಸಿಲ್ಕ್ ಕಾಟನ್ ವಿಷಯ ಯಾರೂ ಎತ್ತಿಲ್ಲವಲ್ಲ! ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ನಮಗೆ ಸಿಲ್ಕ್ ಕಾಟನ್ ಅಂದರೆ ರೇಷ್ಮೆ ಮತ್ತು ಹತ್ತಿ ಸೇರಿಸಿ ನೇಯ್ದ ಸೀರೆ. ಮೊನ್ನೆ ಒಬ್ಬ ಅಜ್ಜ ಬಂದು "ಸಿಲ್ಕ್ ಕಾಟನ್ ಎರಡು ಕಿಲೋ ಸಿಕ್ಕೀತಾ?" ಅಂದರು. ಸೀರೆಯನ್ನು ಕಿಲೋ ಲೆಕ್ಕದಲ್ಲಿ ಕೇಳುವುದು ನೋಡಿ ನಾನು ಬೆಪ್ಪಾದೆ. ಅವರಿಗೆ ಬೇಕಾದದ್ದು ದಿಂಬಿಗೆ ತುಂಬುವ ಬೂರುಗದ ಹತ್ತಿ. ಮರದಲ್ಲಿ ಕಾಯಿ ಒಡೆದು ಹಾರುತ್ತದಲ್ಲ, ಅದು. ಮೊಮ್ಮಗ ಮೊಬೈಲಿನಲ್ಲಿ ನೋಡಿ ಇಂಗ್ಲಿಷ್ ಹೆಸರು ಬರೆದು ಕೊಟ್ಟಿದ್ದನಂತೆ.

ನಿಘಂಟು ಬಿಡದವ
ಬೂರುಗಕ್ಕೂ ಹತ್ತಿ ಗಿಡಕ್ಕೂ ದೂರದ ನೆಂಟಸ್ತಿಕೆ ಅಷ್ಟೇ. ಹತ್ತಿಯ ನಾರು ಬೀಜದ ಮೈಯಿಂದಲೇ ಬೆಳೆಯುತ್ತದೆ. ಬೂರುಗದ್ದು ಕಾಯಿಯ ಒಳಗೋಡೆಯಿಂದ. ಅದು ನುಣುಪು, ತಿರುಚಿಕೊಳ್ಳುವುದಿಲ್ಲ, ಹಾಗಾಗಿ ನೂಲು ತೆಗೆಯುವುದು ಕಷ್ಟ. ಆದ್ದರಿಂದಲೇ ದಿಂಬಿಗೆ ಹೋಯಿತು.

ಪೆರ್ಲದ ಪುಳ್ಳಿ
ಇದು ಮಾತ್ರ ಒಳ್ಳೆಯ ವಿಷಯ ಹೇಳಿದಿರಿ ಸಾರ್. ನಮ್ಮ ಜಾಲಿನ, ಅಂದರೆ ಅಂಗಳದ, ಬೂರುಗದ ಹತ್ತಿಯಿಂದ ಬತ್ತಿ ಹೊಸೆಯಲು ಹೋಗಿ ನಾನು ಸೋತಿದ್ದೆ. ಕೈಯಿಂದ ಜಾರಿ ಮೂಗಿಗೆ ಹೋಗುತ್ತಿತ್ತು.

ತಾಳವಾಡಿ ತಪ್ಪಲು
ನಮ್ಮದು ತಮಿಳುನಾಡಿನ ಗಡಿ. ಹತ್ತಿಗೆ ತಮಿಳಿನಲ್ಲಿ ಪಂಜು. ನಮ್ಮ ಕನ್ನಡದಲ್ಲಿ ಪಂಜು ಅಂದರೆ ಕೈಯಲ್ಲಿ ಹಿಡಿಯುವ ಬೆಂಕಿ. ಬಾಂಬೆ ಮಿಠಾಯಿಗೆ ತಮಿಳರು ಪಂಜು ಮಿಟ್ಟಾಯಿ ಅನ್ನುತ್ತಾರೆ. ನನ್ನ ಮಗ ಅದನ್ನು ಉರಿಯುವ ಮಿಠಾಯಿ ಅಂತ ತಿಳಿದು ಹತ್ತಿರವೇ ಹೋಗುತ್ತಿರಲಿಲ್ಲ.

ನಿಘಂಟು ಬಿಡದವ
ತಮಿಳಿನ ಪಂಜು, ಮಲಯಾಳದ ಪಞ್ಞಿ, ನಮ್ಮ ಹಂಜಿ, ಮೂರೂ ಒಂದೇ ಬಳ್ಳಿಯ ಕಾಯಿಗಳು. ಪಾಲು ಹಾಲಾದ ಹಾಗೆ, ಪಂಜಿ ಹಂಜಿಯಾಗಿದೆ.

ಅಡಿಕೆ ಚೊಗರು
ಹಂಜಿ ಅಂದರೆ? ನಾನು ಕೇಳಿದ್ದು ಹಂಚು, ಹಂಚಿಕಡ್ಡಿ ಮಾತ್ರ.

ಅಕ್ಕಲಕೋಟ ಎಮ್ಮೆ
ಚರಕದವರಿಗೆ ಗೊತ್ತಿರ್ತದ. ಅರಳೆಯನ್ನು ಹಿಂಜಿ ಬೆರಳಿನಷ್ಟು ದಪ್ಪಕ್ಕೆ ಸುರುಳಿ ಮಾಡುತ್ತಾರಲ್ಲ, ನೂಲು ಎಳೆಯಲಿಕ್ಕೆ, ಅದು ಹಂಜಿ. ನಮ್ಮ ಅಜ್ಜ ಖಾದಿಯವರು, ಬುಟ್ಟಿ ತುಂಬ ಹಂಜಿ ಇರುತ್ತಿತ್ತು. ನಾವು ಅದನ್ನು ಕದ್ದು ಗಡ್ಡ ಮೀಸೆ ಅಂಟಿಸಿಕೊಂಡು ಆಡುತ್ತಿದ್ದೆವು.

ಪೆರ್ಲದ ಪುಳ್ಳಿ
ಅಂದರೆ ನರ್ಸಮ್ಮ ಪಞ್ಞಿ ಅಂದಾಗ ಅಜ್ಜಿ "ಹಂಜಿ" ಅಂತ ಕೇಳಿಸಿಕೊಂಡಿದ್ದರೆ ಏನೂ ತೊಂದರೆ ಇರುತ್ತಿರಲಿಲ್ಲ. ಆದರೆ ಕರಾವಳಿಯವರಿಗೆ ಹಂಜಿ ಗೊತ್ತಿಲ್ಲ. ಈ ಮಳೆಗೆ ಇಲ್ಲಿ ಹತ್ತಿ ಎಲ್ಲಿ ಬೆಳೆಯಬೇಕು? ಬೆಳೆಯದ ಕಡೆ ಅದರ ಮಾತೂ ಇರುವುದಿಲ್ಲ ಅನಿಸುತ್ತದೆ. ಅಡಿಕೆಗೆ ಕೇಳಿ, ಚಾಲಿ, ಗೋಟು, ಪಟೋರ, ಉಳ್ಳಿ, ಕೋಕ ಅಂತ ಹೇಳುತ್ತಾ ಹೋಗುತ್ತೇವೆ.

ಕಾಸರಗೋಡು ಸೀರೆ
ಬೆಳೆಯುವುದಿಲ್ಲ ಸರಿ, ನೇಯುವುದಿಲ್ಲ ಅಂತ ಮಾತ್ರ ಹೇಳಬೇಡಿ. ಕಾಸರಗೋಡು ಸೀರೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅಂತ ಸರ್ಕಾರದ ಗುರುತು, ಇದೆ. ಕೈಮಗ್ಗದ್ದು, ಹತ್ತಿಯದ್ದು. ನೂಲು ಹೊರಗಿನಿಂದ ಬರುತ್ತದೆ, ನೇಯ್ಗೆ ನಮ್ಮದು.

ನನಗೆ ಈಗ ಹೊಳೆದದ್ದು ಕೇಳಿ. ನಮ್ಮ ಅಮ್ಮ ಕಾಟನ್ ಸೀರೆಗೆ ಏನು ಹೇಳುತ್ತಾರೆ? ಹತ್ತಿ ಸೀರೆ ಅಂತ ಹೇಳುವುದೇ ಇಲ್ಲ. ನೂಲಿನ ಸೀರೆ! ರೇಷ್ಮೆ ಸೀರೆ ಒಂದು, ನೂಲಿನ ಸೀರೆ ಇನ್ನೊಂದು. ರೇಷ್ಮೆ ಸೀರೆಯಲ್ಲಿ ನೂಲಿಲ್ವಾ? ಉಂಟು. ಆದರೂ ನೂಲು ಅಂದರೆ ಹತ್ತಿಯ ನೂಲು ಅಂತಲೇ ಲೆಕ್ಕ. ಇಂಗ್ಲೆಂಡಿನವರು ನೂಲಿಗೆ ಹತ್ತಿ ಅಂದರು, ನಾವು ಹತ್ತಿಗೆ ನೂಲು ಅಂದೆವು. ಟೀಚರೇ, ನಿಮ್ಮ ಸೊಸೆ ನಿಮ್ಮ ಹತ್ತಿರ ನಗುವ ಹಾಗಿಲ್ಲ. ಅವಳಿಗೆ "ನೂಲಿನದ್ದು ಒಂದು ತೆಗೆದುಕೊಂಡು ಬಾ" ಅಂತ ಹೇಳಿ ನನ್ನ ಅಂಗಡಿಗೆ ಕಳಿಸಿ, ಏನು ಕೇಳುತ್ತಾಳೆ ನೋಡುವ.

ತಾಳವಾಡಿ ತಪ್ಪಲು
ತಮಿಳಿನಲ್ಲೂ ಹಾಗೇ ಅಕ್ಕ, ನೂಲ್ ಸೇಲೆ.

ಅಕ್ಕಲಕೋಟ ಎಮ್ಮೆ
ಮರಾಠಿಯಲ್ಲೂ! ಸೂತ ಅಂದರೆ ನೂಲು, ಸುತೀ ಅಂದರೆ ಕಾಟನ್. ಸುತೀ ಸಾಡಿ.

ನಿಘಂಟು ಬಿಡದವ
ಹಿಂದಿಯ ಸೂತಿಯೂ ಅದೇ. ಸರಿ, ನೂಲು ಅನ್ನುವುದು ಸೋಮಾರಿತನ ಎಂದು ಮೊದಲು ಹೇಳಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ನೇಕಾರನ ಕೈಗೆ ಬರುವುದು ನೂಲು, ನಮ್ಮವರು ಅವನ ಕಡೆಯಿಂದ ಹೆಸರಿಟ್ಟರು. ಇಂಗ್ಲೆಂಡಿನವರಲ್ಲಿ ಹಡಗಿನಿಂದ ಇಳಿದದ್ದು ಅರಳೆಯ ಬೇಲು, ಅಲ್ಲಿಂದ ಹೆಸರು ಹಿಡಿದಿರಬಹುದು. ಇದು ನನ್ನ ಊಹೆ ಮಾತ್ರ.

ಅಡಿಕೆ ಚೊಗರು
ಸಾರ್ ವಾಪಸು ತೆಗೆದುಕೊಂಡದ್ದು ಇದೇ ಮೊದಲು. ಯಾರಾದರೂ ಬರೆದಿಟ್ಟುಕೊಳ್ಳಿ.

ಮಂಜೇಶ್ವರ ಟೈಲರ್
ಕ್ಯಾಲಿಕೋ ಬಗ್ಗೆಯೂ ಹೇಳಬೇಕು, ಅದು ನಮ್ಮ ಪಕ್ಕದ ಕೋಯಿಕ್ಕೋಡಿನ ಹೆಸರು. ಕ್ಯಾಲಿಕಟ್‌ನಿಂದ ಹೋದ ಹತ್ತಿ ಬಟ್ಟೆ ಇಂಗ್ಲೆಂಡಿನಲ್ಲಿ ಕ್ಯಾಲಿಕೋ ಆಯಿತು. ಅದು ಎಷ್ಟು ಓಡಿತೆಂದರೆ ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಮಾಡಿ 1700ರಲ್ಲಿ ಒಂದು, 1721ರಲ್ಲಿ ಇನ್ನೊಂದು ಕಾನೂನು ತರಿಸಿದರು. ಅಚ್ಚು ಹಾಕಿದ ಹತ್ತಿ ಬಟ್ಟೆ ಉಡಬಾರದು ಅಂತ! 1774ರವರೆಗೂ ಅದು ಇತ್ತು. ಈಗ ಅದೇ ಹೆಸರಿಗೂ ಜಗಳ. ಬ್ರಿಟನ್ನಿನಲ್ಲಿ ಕ್ಯಾಲಿಕೋ ಅಂದರೆ ಬ್ಲೀಚ್ ಮಾಡದ ಸಾದಾ ಬಟ್ಟೆ, ನಮ್ಮ ಕೋರಾ ಬಟ್ಟೆಯ ಹಾಗೆ. ಅಮೆರಿಕದಲ್ಲಿ ಸಣ್ಣ ಹೂವಿನ ಅಚ್ಚು ಇರುವುದು. ಒಬ್ಬರು ಗಿರಾಕಿ ಅಮೆರಿಕದ ವಿಡಿಯೋ ನೋಡಿಕೊಂಡು ಬಂದು ಕ್ಯಾಲಿಕೋ ಫ್ರಾಕ್ ಕೇಳಿದರು. ನಾನು ಕೋರಾ ಬಟ್ಟೆ ತೋರಿಸಿದೆ. "ಇದು ಅಕ್ಕಿ ಚೀಲ" ಅಂತ ಎದ್ದು ಹೋದರು.

ಲೆಸ್ಟರಿನ ಕುಂಬ್ಳೆಯವ
ಅಮೆರಿಕದಲ್ಲಿ ಮೂರು ಬಣ್ಣದ ಬೆಕ್ಕಿಗೂ ಕ್ಯಾಲಿಕೋ ಅನ್ನುತ್ತಾರೆ. ಕೋಯಿಕ್ಕೋಡಿನ ಬೆಕ್ಕುಗಳಿಗೆ ಇದು ಗೊತ್ತಿರಲಿಕ್ಕಿಲ್ಲ.

ಆದೋನಿ ಅರಳೆ
ಆಂಧ್ರದಲ್ಲಿ ಕಾಟನ್ ಅಂದರೆ ದೇವರೂ ಹೌದು. ಗೋದಾವರಿ ಜಿಲ್ಲೆಗಳಲ್ಲಿ ಊರೂರಿಗೆ ಕಾಟನ್ ದೊರೆಯ ಪ್ರತಿಮೆ. ಸರ್ ಆರ್ಥರ್ ಕಾಟನ್, 1852ರ ಹೊತ್ತಿಗೆ ಧವಳೇಶ್ವರದಲ್ಲಿ ಆಣೆಕಟ್ಟು ಕಟ್ಟಿಸಿದ ಎಂಜಿನಿಯರ್. ಸ್ಕೂಲಿನಲ್ಲಿ "ಕಾಟನ್ ಬ್ಯಾರೇಜ್" ಅಂತ ಓದುವಾಗ ಹತ್ತಿಯ ಮೂಟೆ ಪೇರಿಸಿ ನೀರು ನಿಲ್ಲಿಸಿದ್ದಾರೆ ಅಂತ ನಾವು ತಿಳಿದಿದ್ದೆವು.

ಉಪ್ಪಳ ಅಂಗಡಿ
ಹತ್ತಿಯದ್ದು ಇನ್ನೊಂದು ದಂಧೆ ಇತ್ತು, ಯಾರೂ ಹೇಳುತ್ತಿಲ್ಲ. ಓಸಿ ಜೂಜು! ಮಟ್ಕಾದ ಓಪನ್, ಕ್ಲೋಸ್ ಎಲ್ಲಿಂದ ಬಂದದ್ದು ಗೊತ್ತುಂಟಾ? ನ್ಯೂಯಾರ್ಕ್ ಕಾಟನ್ ಎಕ್ಸ್‌ಚೇಂಜಿನಿಂದ ಬೊಂಬಾಯಿಗೆ ದಿನವೂ ಹತ್ತಿಯ ರೇಟು ಬರುತ್ತಿತ್ತು. ತೆರೆಯುವ ರೇಟು, ಮುಚ್ಚುವ ರೇಟು. ಅದರ ಮೇಲೆ ಜನ ದುಡ್ಡು ಕಟ್ಟುತ್ತಿದ್ದರು. 1961ರಲ್ಲಿ ಅಲ್ಲಿಂದ ರೇಟು ಬರುವುದು ನಿಂತಿತು. ಆಮೇಲೆ ಮಡಕೆಯಲ್ಲಿ ಚೀಟಿ ಹಾಕಿ ಎತ್ತುವುದು ಶುರುವಾಯಿತು. ಹತ್ತಿ ಹೋಯಿತು, ಓಪನ್ ಕ್ಲೋಸ್ ಉಳಿಯಿತು.

ಬದಿಯಡ್ಕ ಟೀಚರ್
ಉಪ್ಪಳದವರಿಗೆ ಇಷ್ಟೆಲ್ಲ ಹೇಗೆ ಗೊತ್ತು?

ಉಪ್ಪಳ ಅಂಗಡಿ
ನಮ್ಮ ಚಿಕ್ಕಪ್ಪ ಒಂದು ತೋಟ ಕಳೆದುಕೊಂಡು ಕಲಿತದ್ದು ಟೀಚರೇ.

ತಾಳವಾಡಿ ತಪ್ಪಲು
ಬಾಂಬೆ ಮಿಠಾಯಿಗೆ ವಾಪಸು ಬರುತ್ತೇನೆ. 2024ರ ಫೆಬ್ರವರಿಯಲ್ಲಿ ತಮಿಳುನಾಡಿನಲ್ಲಿ ಅದನ್ನು ನಿಷೇಧಿಸಿದರು, ರೋಡಮೈನ್ ಬಿ ಎಂಬ ಬಣ್ಣ ಹಾಕುತ್ತಾರೆ ಅಂತ. ಅದು ಬಟ್ಟೆಗೆ ಹಾಕುವ ಬಣ್ಣ. ಮುಂದಿನ ತಿಂಗಳು ಕರ್ನಾಟಕದಲ್ಲೂ ಬಣ್ಣದ್ದಕ್ಕೆ ನಿಷೇಧ ಬಂತು. ಹೆಸರು ಕಾಟನ್ ಕ್ಯಾಂಡಿ, ಹಾಕುವುದು ಬಟ್ಟೆಯ ಬಣ್ಣ. ಮಿಠಾಯಿಯವನು ಹೆಸರನ್ನು ನಿಜ ಅಂತ ನಂಬಿಬಿಟ್ಟ.

ಅಡಿಕೆ ಚೊಗರು
ಆದರೂ ಆ ಗುಲಾಬಿ ಬಣ್ಣವಿಲ್ಲದ ಬಾಂಬೆ ಮಿಠಾಯಿ ಮಿಠಾಯಿಯಾ? ಬಿಳಿಯದ್ದು ನೋಡಿದರೆ ಮೆಡಿಕಲ್ ಹತ್ತಿಯೇ ನೆನಪಾಗುತ್ತದೆ.

ಕುಂಬ್ಳೆ ಮೆಡಿಕಲ್
ತಡವಾಗಿ ಬಂದೆ, ಓದಿ ನಗುತ್ತಿದ್ದೇನೆ. ಕೌಂಟರಿನಲ್ಲಿ ನಿಂತವನಿಗೆ ಇದೆಲ್ಲ ದಿನದ ಪಾಡು. ಈಗ ಹೊಸ ತಾಪತ್ರಯ "ಬಡ್ಸ್". ಕಿವಿಗೆ ಹಾಕುವ ಹತ್ತಿ ಕಡ್ಡಿ ಅಂತ ಕೊಟ್ಟರೆ ಹುಡುಗರು "ಅದಲ್ಲ ಅಣ್ಣ, ಬ್ಲೂಟೂತಿನದ್ದು" ಅನ್ನುತ್ತಾರೆ. ಮೆಡಿಕಲಿನಲ್ಲಿ!

ಟೀಚರಿಗೆ ಒಂದು ಮಾತು. ಮೆಡಿಕಲ್ ಹತ್ತಿಯೂ ಹೊಲದ ಹತ್ತಿಯೂ ಒಂದೇ ಅಲ್ಲ. ಹಸಿ ಹತ್ತಿಯ ನಾರಿನ ಮೇಲೆ ಮೇಣದಂಥದ್ದು ಇರುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ, ನೀರು ಕುಡಿಯುವುದಿಲ್ಲ. ಅದನ್ನು ಕ್ಷಾರದಲ್ಲಿ ಕುದಿಸಿ ಮೇಣ ತೆಗೆದು ಬ್ಲೀಚ್ ಮಾಡಿದ್ದು ನಮ್ಮಲ್ಲಿ ಸಿಗುವುದು. ತಟ್ಟೆಯ ನೀರಿಗೆ ಹಾಕಿ ನೋಡಿ, ಕೂಡಲೇ ಮುಳುಗುತ್ತದೆ. ಆದರೆ ದೀಪದ ನೆಣೆಗೆ ಹಸಿ ಹತ್ತಿಯೇ ಸಾಕು, ಅದು ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಸುಮ್ನೆ ಜಾಸ್ತಿ ದುಡ್ಡು ಕೊಟ್ಟು ಸರ್ಜಿಕಲ್ ಹತ್ತಿ ತೆಗೆದು ಬತ್ತಿ ಹೊಸೆಯಬೇಡಿ. ನಾನೇ ಮಾರುವವನು, ನಾನೇ ಹೇಳುತ್ತಿದ್ದೇನೆ.

ಬದಿಯಡ್ಕ ಟೀಚರ್
ಮೆಡಿಕಲಿನವರು ಹೇಳಿದ್ದು ಎರಡು ದಿನ ತಡವಾಯಿತು! ಆ ಎರಡು ಸುರುಳಿಯಲ್ಲಿ ಒಂದನ್ನು ಅಮ್ಮ ಆಗಲೇ ಹರಿದು ನೆಣೆ ಮಾಡಿ ಡಬ್ಬಿ ತುಂಬಿಸಿದ್ದಾರೆ. ಇನ್ನೊಂದರಲ್ಲಿ ಸೊಸೆ ತಟ್ಟೆಗೆ ನೀರು ಹಾಕಿ ಮುಳುಗಿಸುವ ಪರೀಕ್ಷೆ ಮಾಡುತ್ತಿದ್ದಾಳೆ. ನಾನು ಇದನ್ನೆಲ್ಲ ಓದಿ ಹೇಳುತ್ತಿದ್ದೆ. ಹಂದಿಯ ಕತೆಗೆ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನೂಲು ಕೊನೆಗೆ ಪಕ್ಕದ ಮನೆಯಿಂದ ತಂದೆವು. ಬಿಳಿ ಇರಲಿಲ್ಲ, ನೀಲಿಯದ್ದು. ಬಿಳಿ ಅಂಗಿಗೆ ನೀಲಿ ನೂಲಿನ ಗುಂಡಿ. ಮಂಜೇಶ್ವರದವರೇ, ಅದು ಪಾಲಿಯೆಸ್ಟರೇ.

ಕಾಸರಗೋಡು ಸೀರೆ
ಟೀಚರೇ, ಸೊಸೆಯನ್ನು ಕಳಿಸಿ ಅಂತ ಹೇಳಿದ್ದು ತಮಾಷೆಗಲ್ಲ. ಹೊರಡುವ ಮೊದಲು ಒಂದು ನೂಲಿನ ಸೀರೆ ತೆಗೆಸಿಕೊಡಿ. ಭಾನುವಾರ ಅಂಗಡಿ ಇಲ್ಲ, ಶನಿವಾರ ಬನ್ನಿ.

ಉಪ್ಪಳ ಅಂಗಡಿ
ಸೀರೆ, ನೆಣೆ, ಹತ್ತಿ ಎಲ್ಲ ಕಟ್ಟಿ ಇಂಗ್ಲೆಂಡಿಗೆ ಕಳಿಸಲು ಒಳ್ಳೆಯ ಕಾಟನ್ ಬೇಕಾದರೆ ಹೇಳಿ. ಖಾಲಿ ಉಂಟು.